ಥರ್ಮೋಕೋಲ್ ಬೆಟ್ಟ ಕರಗಿಹೋಯಿತು, ಏನು ಮಾಡಲಿ?

ಕೊಪ್ಪದ ಮೇಷ್ಟ್ರು:
ಏಳನೆಯ ತರಗತಿಗೆ ಜಲಾನಯನ ಪ್ರದೇಶದ ಮಾದರಿ ಮಾಡಲು ಹೊರಟೆ. ಮೂರು ನದಿಗಳು ಹುಟ್ಟುವ ಬೆಟ್ಟ, ನಮ್ಮ ಗಂಗಾಮೂಲವೇ ವಿಷಯ: ತುಂಗೆ, ಭದ್ರೆ ಬಂಗಾಳ ಕೊಲ್ಲಿಯ ದಾರಿ ಹಿಡಿದರೆ ನೇತ್ರಾವತಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತಾಳೆ. ಥರ್ಮೋಕೋಲ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಎರಡು ಸಂಜೆ ಕೂತು ಕಣಿವೆಗಳನ್ನು ಕೊರೆದೆ. ಡಬ್ಬಿಯ ಹಸಿರು ಸ್ಪ್ರೇ ಬಣ್ಣ ಹೊಡೆದೆ ನೋಡಿ, ಬೆಟ್ಟ ಕಣ್ಣೆದುರೇ ಕರಗಿ ಗುಂಡಿ ಬಿತ್ತು. ಮಕ್ಕಳು “ಭೂಕುಸಿತ ಸಾರ್!” ಎಂದು ಚಪ್ಪಾಳೆ ತಟ್ಟಿದರು.

ಬಣ್ಣದಂಗಡಿಯವನು:
ಸಾರ್, ಸ್ಪ್ರೇಯಲ್ಲಿರುವ ದ್ರಾವಕ ಥರ್ಮೋಕೋಲನ್ನು ತಿನ್ನುತ್ತದೆ. ಹೊರಗೋಡೆಗೆ ಬಳಿಯುವ, ನೀರಿನಲ್ಲಿ ಕಲಸುವ ಎಮಲ್ಷನ್ ಎರಡು ಸಲ ಬಳಿಯಿರಿ. ಅಂಟಿಗೂ ಬಿಳಿ ಫೆವಿಕಾಲ್ ಸಾಕು. ಚಪ್ಪಲಿ ಅಂಟಿಸುವ ಗೋಂದು ಬೇಡವೇ ಬೇಡ.

ವಿಜ್ಞಾನ ಟೀಚರ್:
ಒಂದು ಇಳಿಜಾರಿಗೆ ಸ್ಪಂಜಿನ ತುಂಡುಗಳನ್ನು ಕಾಡಿನಂತೆ ಗುಂಡುಸೂಜಿಯಿಂದ ಚುಚ್ಚಿ, ಇನ್ನೊಂದನ್ನು ಬೋಳಾಗಿ ಬಿಡಿ. ಎರಡಕ್ಕೂ ಒಂದೊಂದು ಲೋಟ ನೀರು ಚಿಮುಕಿಸಿ, ಕೆಳಗೆ ಬಟ್ಟಲಿಡಿ; ಕಾಡು ನೀರನ್ನು ಹಿಡಿದಿಡುವುದು ಮಕ್ಕಳಿಗೆ ಕಾಣುತ್ತದೆ. ಅಡಿಕೆ ತೋಟದ ಜಾಗಕ್ಕೆ ಚಿಟಿಕೆ ಕುಂಕುಮ ಉದುರಿಸಿದರೆ ಗೊಬ್ಬರ ಹೊಳೆ ಸೇರುವುದೂ ಕಾಣುತ್ತದೆ.

ಕೊಪ್ಪದ ಮೇಷ್ಟ್ರು:
ಎಮಲ್ಷನ್ ನಿಂತಿತು, ಕುಂಕುಮವೂ ಹರಿಯಿತು. ಆದರೆ ನೀರೆಲ್ಲ ನೇತ್ರಾವತಿಗೇ ಹೋಯಿತು. ಶಾಲೆಯ ಮೇಜು ಓರೆ ಇದೆ!