ಪಾತ್ರೆಗೆ "ಸಾಮರ್ಥ್ಯ" ಅನ್ನೋದು ಸರೀನಾ?

ಎಲ್ರಿಗೂ ನಮಸ್ಕಾರ. ನಿನ್ನೆ ಮಗಳ ಹೋಮ್‌ವರ್ಕ್‌ನಲ್ಲಿ "ಈ ಪಾತ್ರೆಯ ಸಾಮರ್ಥ್ಯವೆಷ್ಟು?" ಅಂತ ಒಂದು ಲೆಕ್ಕ ಇತ್ತು. "ಪಾತ್ರೆಗೆ ಎಲ್ಲಿಂದಪ್ಪಾ ಶಕ್ತಿ ಬರುತ್ತೆ" ಅಂದ್ಲು. ಮೊದ್ಲು ನಗು ಬಂತು, ಆಮೇಲೆ ಯೋಚ್ನೆ ಮಾಡಿದ್ರೆ ಅವಳು ಕೇಳಿದ್ದೇ ಸರಿ ಅನ್ನಿಸ್ತು, ಯಾಕಂದ್ರೆ ಮಾತಲ್ಲಿ ಯಾರೂ ಹಾಗನ್ನಲ್ಲ, "ಈ ಬಕೆಟ್ ಎಷ್ಟು ಹಿಡಿಯುತ್ತೆ" ಅಂತೀವಿ, ಇಲ್ಲಾ "ಇದ್ರಲ್ಲಿ 15 ಲೀಟರ್ ಹಿಡಿಸುತ್ತೆ" ಅಂತೀವಿ.

ಗಾತ್ರ, ಘನಫಲ ಅನ್ನೋಣ ಅಂದ್ರೆ ಅವೂ ಪೂರ್ತಿ ಕೂರಲ್ಲ. ಕಲ್ಲುಗುಂಡಿಗೂ ಘನಫಲ ಇದೆ, ಆದ್ರೆ ಅದ್ರೊಳಗೆ ಒಂದು ತೊಟ್ಟು ನೀರು ಹಿಡಿಸಲ್ಲ. ಬಿಸಿನೀರಿನ ಫ್ಲಾಸ್ಕ್ ಹೊರಗಿಂದ ನೋಡಿದ್ರೆ ಇಷ್ಟು ದಪ್ಪ, ಒಳಗೆ 750 ಎಂಎಲ್ ಅಷ್ಟೇ. ಒಳಗಿನ ಜಾಗಕ್ಕೆ ಬೇರೆ ಪದ ಬೇಕೇ ಬೇಕು.

ಸಾಮರ್ಥ್ಯದ ತಾಪತ್ರಯ ಬೈಕ್ ವಿಷಯದಲ್ಲಿ ಇನ್ನೂ ಜಾಸ್ತಿ. "150 ಸಿಸಿ ಸಾಮರ್ಥ್ಯದ ಎಂಜಿನ್" ಅಂತ ಓದಿದವ್ರೆಲ್ಲಾ ಅದು ಎಂಜಿನ್ನಿನ ತಾಕತ್ತು ಅಂದ್ಕೋತಾರೆ. ಸಿಸಿ ಅಂದ್ರೆ ಘನ ಸೆಂಟಿಮೀಟರ್, 1 ಸಿಸಿ ಅಂದ್ರೆ ಸರಿಯಾಗಿ 1 ಎಂಎಲ್, ಸಿರಿಂಜ್ ಮೇಲೆ ಇರೋದೂ ಅದೇ. ಪಿಸ್ಟನ್ ಕೆಳಗಿಂದ ಮೇಲಕ್ಕೆ ಹೋಗುವಾಗ ಸಿಲಿಂಡರಿನಲ್ಲಿ ಸವರೋ ಜಾಗ 150 ಎಂಎಲ್, ಒಂದು ಸಣ್ಣ ಲೋಟದಷ್ಟು! ತಾಕತ್ತನ್ನ ಹೇಳೋಕೆ ಕಿಲೋವ್ಯಾಟ್ ಬೇರೆ ಇದೆ.

ಇನ್ನೊಂದು. ಅದೇ ಹಾಳೇಲಿ "2 ಲೀ. 50 ಮಿ.ಲೀ. ಅನ್ನು ಲೀಟರಿಗೆ ಪರಿವರ್ತಿಸಿ" ಅಂತಿತ್ತು, ಇವಳು 2.50 ಅಂತ ಬರೆದು "ಎರಡೂವರೆ" ಅಂತ ಜೋರಾಗಿ ಓದಿದ್ಲು. ಎರಡೂವರೆ ಅಂದ್ರೆ 2 ಲೀಟರ್ 500 ಎಂಎಲ್ ಅಲ್ವಾ, ಇದು 2.050. ಮೊದ್ಲು ಎಲ್ಲಾನೂ ಎಂಎಲ್‌ಗೆ ತಂದು 2050 ಅಂತ ಬರ್ಕೋ, ಆಮೇಲೆ ಸಾವಿರದಿಂದ ಭಾಗಿಸು ಅಂದ್ಮೇಲೆ ಸರಿಹೋಯ್ತು. ನೋಡಿ, ನನ್ನ ಬಾಯಲ್ಲಿ ತಾನಾಗೇ ಬಂದದ್ದು "ಎಂಎಲ್‌ಗೆ ತಂದು", ಪರಿವರ್ತಿಸು ಅಲ್ಲ. ಪುಸ್ತಕದಲ್ಲೂ "ಲೀಟರಿಗೆ ತನ್ನಿ" ಅಂತ ಬರೆದ್ರೆ ತಪ್ಪೇನು?

ಮತ್ತೆ ಪಾತ್ರೆ ವಿಷಯಕ್ಕೆ ಬಂದ್ರೆ, "ಹಿಡಿಯುತ್ತೆ" ಅಂತ ಕ್ರಿಯಾಪದ ಇದೆ, ನಾಮಪದಾನೇ ಸಿಗ್ತಿಲ್ಲ. "ಹಿಡಿತ" ಅಂದ್ರೆ ಕಂಟ್ರೋಲ್ ಆಗ್ಬಿಡುತ್ತೆ. "ಒಳಅಳತೆ" ಅಂದ್ರೆ ಪೈಪಿನ ಒಳಗಿನ ಅಗಲ ಅನ್ಕೋತಾರೆ. "ಹಿಡಿಯಳತೆ" ಅಂತ ನಾನೇ ಒಂದು ಕಟ್ಟಿದೀನಿ, ಆದ್ರೆ ಕೈಯಲ್ಲಿ ಒಂದು ಹಿಡಿ ಅಳೆದಂಗೆ ಕೇಳಿಸುತ್ತೆ ಅಂತ ಮನೇಲೇ ತಕರಾರು. ನಿಮ್ ಕಡೆ ಬಳಕೇಲಿರೋ ಪದ ಏನಾದ್ರೂ ಇದೆಯಾ?