ಎರೆಮಣ್ಣು, ದನದ ಹಲ್ಲು, ಮಡಕೆಚೂರು: ಹಳೇ ಜನ ಏನು ತಿಂದರೆಂದು ತಿಳಿಯಲು ಮೊದಲು ಯಾವುದನ್ನು ಪರೀಕ್ಷಿಸಬೇಕು?

ಬಯಲುಸೀಮೆ (ಪ್ರಶ್ನೆ)

ಚಳ್ಳಕೆರೆ ಸೀಮೆಯಲ್ಲಿ ಅನುಮತಿ ಪಡೆದು ತೋಡಿದ ನವಶಿಲಾಯುಗದ ನೆಲೆ. ಕೈಯಲ್ಲಿರುವುದು ಒಲೆಗುಂಡಿ ಮತ್ತು ಬೂದಿ ಪದರಗಳ 14 ಚೀಲ ಮಣ್ಣು (ಒಂದೊಂದೂ ಸುಮಾರು 20 ಲೀಟರ್), ದನದ ಬಿಡಿ ದವಡೆಹಲ್ಲು 9, ಮನುಷ್ಯರ ಹಲ್ಲು 3, ಮೂಳೆಚೂರು, ಮಸಿ ಹಿಡಿದ ಮಡಕೆಚೂರು. ತಿಳಿಯಬೇಕಾದ್ದು ಒಂದೇ: ಇವರು ಕಾಳು ನಂಬಿ ಬದುಕಿದರೋ, ದನ ನಂಬಿ ಬದುಕಿದರೋ? ಹಲ್ಲನ್ನೆಲ್ಲ ಐಸೊಟೋಪ್ ಪರೀಕ್ಷೆಗೆ (ಒಂದೇ ಧಾತುವಿನ ಹಗುರ-ಭಾರ ರೂಪಗಳ ಪಾಲು ಅಳೆದು ತಿಂದದ್ದೇನೆಂದು ಊಹಿಸುವುದು) ಕಳಿಸಿಬಿಡಿ ಎಂಬ ಸಲಹೆ ಬಂದಿದೆ. ದುಡ್ಡು ಒಂದು ಬಗೆಯ ಪರೀಕ್ಷೆಗೆ ಮಾತ್ರ ಸಾಲುತ್ತದೆ. ಮಣ್ಣು ಎರೆ, ಸೊಳ್ಳೆಪರದೆ ಕಟ್ಟಿ ಸೋಸಿದರೆ ಬರೀ ಇದ್ದಿಲು ಸಿಗುತ್ತಿದೆ, ಕಾಳಿಲ್ಲ.

ಹುರಳಿಕಟ್ಟು

ಸೊಳ್ಳೆಪರದೆ ಬಿಡಿ ಸರ್, ಕಾಳು ಹೋಗಿದ್ದೇ ಅಲ್ಲಿ. ಅದರ ಕಣ್ಣು 1 ಮಿ.ಮೀ.ಗಿಂತ ದೊಡ್ಡದು, ಸುಟ್ಟ ಕೊರಲೆ ಅದರಲ್ಲಿ ಸಲೀಸಾಗಿ ಜಾರುತ್ತದೆ. 0.3 ಮಿ.ಮೀ. ಕಣ್ಣಿನ ಬಟ್ಟೆ ಬೇಕು. ದಾವಣಗೆರೆಯಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಸಾಮಾನು ಮಾರುವವರ ಹತ್ತಿರ ನೈಲಾನ್ ಮೆಶ್ ಕೇಳಿ, ಅಳತೆ ನೋಡಿ ತನ್ನಿ.

ಎರೆಮಣ್ಣನ್ನು ಹಸಿಯಿರುವಾಗ ನೀರಿಗೆ ಹಾಕಬೇಡಿ. ನೆರಳಲ್ಲಿ ಪೂರ್ತಿ ಒಣಗಿದ ಹೆಂಟೆ ನೀರಲ್ಲಿ ತಾನೇ ಬಿಚ್ಚಿಕೊಳ್ಳುತ್ತದೆ, ಅರೆಒಣಗಿದ್ದು ಉಂಡೆಯಾಗೇ ಉಳಿಯುತ್ತದೆ. ಆಮೇಲೂ ಮೊಂಡು ಹಿಡಿದರೆ ಲೀಟರ್ ನೀರಿಗೆ ಒಂದೆರಡು ಚಮಚ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ. ರಾತ್ರಿಯಿಡೀ ಬಿಡಬೇಡಿ, ಇದ್ದಿಲು ಮೆತ್ತಗಾಗಿ ಕೈಗೆ ಬರುವಷ್ಟರಲ್ಲಿ ಪುಡಿಯಾಗುತ್ತದೆ. 20 ಲೀಟರ್ ಬಕೆಟ್ಟಿಗೆ 3ರಿಂದ 5 ಲೀಟರ್ ಮಣ್ಣು ಸಾಕು. ಕೈಯಿಂದ ಮೆಲ್ಲಗೆ ತಿರುವಿ, ಮಣ್ಣು ತಳ ಹಿಡಿದು ಹಗುರವಾದದ್ದು ಮೇಲಿರುವ ಆ ಕೆಲವೇ ಕ್ಷಣದಲ್ಲಿ ಬಟ್ಟೆ ಮೇಲೆ ಬಗ್ಗಿಸಿ. ಕರಿಚೂರು ಬರುವುದು ನಿಲ್ಲುವವರೆಗೆ ಐದಾರು ಸಲ. ತಳದ ಗಸಿಯನ್ನು 1 ಮಿ.ಮೀ. ಜರಡಿಯಲ್ಲಿ ತೊಳೆದಿಡಿ, ಹುರಳಿ, ಮೀನಿನ ಮುಳ್ಳು, ಇಲಿ ಮೂಳೆ ಅಲ್ಲೇ ಕೂತಿರುತ್ತವೆ. ಸೋಡಾ ಹಾಕಿದ್ದರೆ ಶುದ್ಧ ನೀರಲ್ಲಿ ಜಾಲಿಸಿ, ಬಟ್ಟೆಗಂಟು ಕಟ್ಟಿ ನೆರಳಲ್ಲಿ ತೂಗುಹಾಕಿ. ಬಿಸಿಲಿಗಿಟ್ಟರೆ ಕಾಳು ಸೀಳುತ್ತದೆ. ಕೆರೆನೀರಾದರೆ ಮೊದಲು ಸೋಸಿ, ಅದರಲ್ಲಿ ಈ ವರ್ಷದ ಹುಲ್ಲುಬೀಜ ತೇಲುತ್ತಿರುತ್ತದೆ.

ನಿಮ್ಮ ಕೈಚಳಕ ಅಳೆಯಬೇಕೆ? 50 ಗಸಗಸೆ ಕಾಳು ಸುಟ್ಟು ಒಂದು ಚೀಲಕ್ಕೆ ಬೆರೆಸಿ ತೇಲಿಸಿ, ವಾಪಸ್ ಎಷ್ಟು ಬಂತು ಎಣಿಸಿ. 20 ಮಾತ್ರ ಬಂದರೆ ದೋಷ ನೆಲದ್ದಲ್ಲ.

ಸುಡದ ಬೀಜ ಎಷ್ಟೇ ಚೆಂದ ಕಂಡರೂ ಪಕ್ಕಕ್ಕಿಡಿ. ನಮ್ಮ ಮಳೆ-ಬಿಸಿಲಿಗೆ ಸುಡದ ಕಾಳು ಸಾವಿರಾರು ವರ್ಷ ಉಳಿಯುವುದಿಲ್ಲ, ಅದು ಇರುವೆಯೋ ಇಲಿಯೋ ತಂದದ್ದು. ಗುರುತಿಸಲು ಅಂಗಡಿಯಿಂದ ಕೊರಲೆ, ನವಣೆ, ಸಾಮೆ, ಊದಲು, ಹಾರಕ, ರಾಗಿ ತಂದು, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಮರಳಲ್ಲಿ ಹೂತು, 250 ಡಿಗ್ರಿಯಲ್ಲಿ ಕೆಲವು ಗಂಟೆ ಸುಡಿ. ಶಾಖ ಮೀರಿದರೆ ಮಂಡಕ್ಕಿಯ ಹಾಗೆ ಉಬ್ಬಿ ಆಕಾರವೇ ಕೆಡುತ್ತದೆ. ಹಳೆಯ ಒಲೆಯಲ್ಲೂ ಹಾಗೇ ಕೆಟ್ಟಿರುತ್ತದೆ, ಆ ಕೆಟ್ಟ ರೂಪವನ್ನೂ ಕಲಿಯಬೇಕು. ನೋಡಬೇಕಾದ್ದು ಮೊಳಕೆಗುಳಿ, ಅಂದರೆ ಕಾಳಿನ ಮೇಲೆ ಮೊಳಕೆಭಾಗ ಕೂತಿದ್ದ ಕುಳಿಯ ಉದ್ದ: ಸಾಮೆಯ ಜಾತಿಯಲ್ಲಿ ಅದು ಕಾಳಿನ ಅರ್ಧದಷ್ಟು, ನವಣೆಯ ಜಾತಿಯಲ್ಲಿ ಮೂರನೇ ಎರಡು ಪಾಲಿನಷ್ಟು. ಕೊರಲೆ-ನವಣೆ ಬೇರ್ಪಡಿಸಲು ಸಿಪ್ಪೆಯ ಮೇಲಿನ ಅಲೆಗೆರೆ ಬೇಕೇಬೇಕು.

ದಖ್ಖನಿನ ನವಶಿಲಾಯುಗದ ಮೂಲ ಬೆಳೆಗಳು ಕೊರಲೆ, ಬಟ್ಟೆಗೆ ಅಂಟುವ ತೆನೆಯ ನವಣೆ ಜಾತಿಯ ಇನ್ನೊಂದು ಹುಲ್ಲು, ಹುರಳಿ, ಹೆಸರು. ರಾಗಿ ಸಿಕ್ಕಿತೆಂದು ಕುಣಿಯಬೇಡಿ. ಅದು ಆಫ್ರಿಕಾದ ಬೆಳೆ. ಹಳೆಯ ವರದಿಗಳ ಎಷ್ಟೋ ‘ರಾಗಿ’ ಮರುಪರಿಶೀಲನೆಯಲ್ಲಿ ಬೇರೆ ಕಿರುಧಾನ್ಯವಾಯಿತು. ಆ ಕಾಳನ್ನೇ ನೇರವಾಗಿ ಕಾಲನಿರ್ಣಯಕ್ಕೆ ಕೊಡಿ, ಪಕ್ಕದ ಇದ್ದಿಲನ್ನಲ್ಲ. ನಿಮ್ಮದೇ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪುರಾತತ್ತ್ವಜ್ಞ ವೀಲರ್ ತೋಡಿದ್ದು 1947ರಲ್ಲಿ, ತೇಲಿಸುವ ಪದ್ಧತಿ ಬಳಕೆಗೆ ಬರುವ ಮೊದಲು. ಅಲ್ಲಿಯ ವರದಿಯಲ್ಲಿ ಕಾಳಿಲ್ಲವೆಂದು ಇಲ್ಲೂ ಇಲ್ಲವೆನ್ನಬೇಡಿ.

ಹಲ್ಲುಪುಡಿ

ಐಸೊಟೋಪ್ ಸಲಹೆ ಕೊಟ್ಟವರು ಯುರೋಪಿನ ಲೆಕ್ಕ ಹಿಡಿದಿದ್ದಾರೆ. ಭತ್ತ, ಗೋಧಿ, ಹುರಳಿ, ಮರದ ಸೊಪ್ಪು ಸಿ-3 ಗುಂಪು (ಗಿಡಗಳು ಗಾಳಿಯ ಕಾರ್ಬನ್ ಹಿಡಿಯುವ ಬಗೆಯ ಮೇಲೆ ಮಾಡಿದ ಗುಂಪು), ಕಾರ್ಬನ್ ಮೌಲ್ಯ, ಅಂದರೆ ಭಾರ ಕಾರ್ಬನ್ನಿನ ಪಾಲು ಮಾನಕಕ್ಕಿಂತ ಎಷ್ಟು ಹೆಚ್ಚು-ಕಡಿಮೆ ಎಂಬುದು, ಸಾವಿರಕ್ಕೆ ಮೈನಸ್ 26ರ ಆಸುಪಾಸು. ಕೊರಲೆ, ರಾಗಿ, ಜೋಳ ಸಿ-4, ಮೈನಸ್ 12ರ ಆಸುಪಾಸು. ಹುಲ್ಲೆಲ್ಲ ಸಿ-3 ಆಗಿರುವ ತಣ್ಣನೆ ದೇಶದಲ್ಲಿ ಕಿರುಧಾನ್ಯ ತಿಂದವನು ಎದ್ದು ಕಾಣುತ್ತಾನೆ. ನಮ್ಮ ಮಳೆಗಾಲದ ಹುಲ್ಲೇ ಬಹುಪಾಲು ಸಿ-4. ಕೊರಲೆ ಮುದ್ದೆ ಉಂಡವನೂ, ಹುಲ್ಲು ಮೇಯ್ದ ಹಸುವಿನ ಹಾಲು ಕುಡಿದವನೂ ಹಲ್ಲಿನ ಎನಾಮಲ್‌ನಲ್ಲಿ (ಹೊರಗಿನ ಗಟ್ಟಿ ಪದರ) ಒಂದೇ ಥರ. ನೀವು ಕೇಳಿದ ಪ್ರಶ್ನೆಗೇ ಅದು ಕುರುಡು.

ಇಬ್ಬರನ್ನು ಬೇರ್ಪಡಿಸಬಲ್ಲದ್ದು ನೈಟ್ರೋಜನ್: ಆಹಾರ ಸರಪಳಿಯ ಒಂದು ಮೆಟ್ಟಿಲಿಗೆ ಅದರ ಮೌಲ್ಯ ಸಾವಿರಕ್ಕೆ 3ರಿಂದ 5 ಏರುತ್ತದೆ. ಆದರೆ ಅದಕ್ಕೆ ಮೂಳೆಯೊಳಗಿನ ಪ್ರೋಟೀನ್ ಆದ ಕೊಲಾಜನ್ ಬೇಕು, ಈ ಸೆಕೆಯಲ್ಲಿ ಅದು ಉಳಿಯುವುದು ಅಪರೂಪ. ದುಡ್ಡು ಸುರಿಯುವ ಮೊದಲು ಕೆಲವು ಮಿಲಿಗ್ರಾಂ ಮೂಳೆಪುಡಿಯ ಒಟ್ಟು ನೈಟ್ರೋಜನ್ ನೋಡಿಸಿ. ಶೇ. 0.7ಕ್ಕಿಂತ ಕೆಳಗಿದ್ದರೆ ಅಲ್ಲಿಗೇ ಕೈಬಿಡಿ. ಕೊಲಾಜನ್ ಬಂದರೂ ಕಾರ್ಬನ್-ನೈಟ್ರೋಜನ್ ಅನುಪಾತ 2.9ರಿಂದ 3.6ರ ಒಳಗಿರಬೇಕು, ಹೊರಗಿದ್ದರೆ ನೀವು ಓದುತ್ತಿರುವುದು ಮಣ್ಣಿನ ಕತೆ.

ದನದ ಹಲ್ಲು ಬೇರೊಂದು ಪ್ರಶ್ನೆಗೆ ಆಗುತ್ತದೆ. ಮೂರನೇ ದವಡೆಹಲ್ಲು ಆರಿಸಿ. ಮೊದಲನೆಯದು ಗರ್ಭದಲ್ಲೇ ಶುರುವಾಗಿ ಹಾಲು ಕುಡಿಯುವಾಗ ಬೆಳೆಯುವಂಥದ್ದು. ತುದಿಯಿಂದ ಬುಡದವರೆಗೆ 2 ಮಿ.ಮೀ. ಅಂತರದಲ್ಲಿ ಅಡ್ಡಗೆರೆ ಕೊರೆದು ಪುಡಿ ತೆಗೆಯಿರಿ. ಸುಮಾರು ಒಂದು ವರ್ಷದ ಮೇವು ಸಾಲಾಗಿ ಕಾಣುತ್ತದೆ. ಬೇಸಗೆಯ ಗೆರೆ ಸಿ-3 ಕಡೆ ವಾಲಿದರೆ ಸೊಪ್ಪು ಕಡಿದು ಹಾಕಿರಬೇಕು, ಇಲ್ಲವೇ ಹುರಳಿ ಹೊಟ್ಟು. ಕೊರೆಯುವ ಮೊದಲು ಫೋಟೋ, ಸವೆತದ ಅಳತೆ ಆಗಿರಲಿ.

ಮನುಷ್ಯರ ಮೂರು ಹಲ್ಲಿಗೆ ಬ್ರಶ್ ತಾಗಿಸಬೇಡಿ. ಅಂಟಿರುವ ಗಾರೆಯಲ್ಲಿ (ಗಟ್ಟಿಯಾದ ಹಲ್ಲಿನ ಪಾಚಿ) ಪಿಷ್ಟದ ಕಣ ಇರಬಹುದು. ಪುಡಿ ಹಾಕಿದ ಕೈಗವಸಂತೂ ಬೇಡವೇ ಬೇಡ, ಆ ಪುಡಿ ಮೆಕ್ಕೆಜೋಳದ ಪಿಷ್ಟ!

ಬಯಲುಸೀಮೆ

ಹಾಗಾದರೆ ಹಾಲು ಹಿಡಿಯುವುದು ಹೇಗೆ ಮೇಡಂ? ಮಡಕೆಚೂರು ಆಗಲೇ ಬ್ರಶ್ ಹಾಕಿ ತೊಳೆದಾಗಿದೆ.

ಅಟ್ಟದಮಡಕೆ

ಬರೀ ನೀರಾದರೆ ಪೂರ್ತಿ ಹಾಳಾಗಿಲ್ಲ. ಸೀದ ಪದರ ಹೋಯಿತು, ಮಣ್ಣಿನೊಳಗೆ ಇಂಗಿದ ಜಿಡ್ಡು ಇದ್ದರೆ ಇನ್ನೂ ಇದೆ. ಸೋಪು, ಆಸಿಡ್ ಸೋಕಿದ ಚೂರು ಬಿಡಿ. ಕುದಿಸುವ ಮಡಕೆಯಲ್ಲಿ ಜಿಡ್ಡು ಮೇಲೆ ತೇಲುವುದರಿಂದ ಕಂಠದ ಭಾಗ ಆರಿಸಿ, ತಳ ಅಲ್ಲ. ಮೇಲ್ಮೈ ಕೆರೆದು ಸುಮಾರು 2 ಗ್ರಾಂ ಪುಡಿ, ಅಲ್ಯೂಮಿನಿಯಂ ಹಾಳೆಯಲ್ಲಿ. ಪ್ಲಾಸ್ಟಿಕ್ ಚೀಲ ತಾನೇ ಎಣ್ಣೆ ಬಿಡುತ್ತದೆ. ಬರಿಗೈ ತಾಗಿದರೆ ನಿಮ್ಮ ಬೆವರಿನ ಜಿಡ್ಡೂ ಸೇರುತ್ತದೆ. ಅದೇ ಪದರದ ಮಣ್ಣೂ ಸ್ವಲ್ಪ ಜೊತೆಗಿರಲಿ.

ಜಿಡ್ಡಿನಲ್ಲಿರುವ ಪಾಮಿಟಿಕ್, ಸ್ಟಿಯರಿಕ್ ಆಮ್ಲಗಳ ಕಾರ್ಬನ್ ಮೌಲ್ಯದ ವ್ಯತ್ಯಾಸ ಹಾಲನ್ನೂ ಮಾಂಸದ ಕೊಬ್ಬನ್ನೂ ಬೇರ್ಪಡಿಸುತ್ತದೆ. ಹೋಲಿಕೆಗೆ ಇಲ್ಲಿಯೇ ಮೇಯುವ, ಹಿಂಡಿ ತಿನ್ನದ ನಾಟಿ ಹಸುವಿನ ತುಪ್ಪ ಬೇಕು. ಬಿಸಿನೆಲದಲ್ಲಿ ಜಿಡ್ಡು ಕಡಿಮೆ ಉಳಿಯುತ್ತದೆ. ಮೊದಲು ಐದಾರು ಚೂರು ಮಾತ್ರ ಕಳಿಸಿ ನೋಡಿ.

ಹುರಳಿಕಟ್ಟು

ಒಂದು ಮಾತು ಬಿಟ್ಟಿದ್ದೆ. ಒಲೆಯಲ್ಲಿ ಸಿಕ್ಕ ಕಾಳೆಲ್ಲ ಊಟದ್ದಲ್ಲ. ಬೆರಣಿ ಉರಿಸಿದ್ದರೆ ದನ ತಿಂದ ಬೀಜವೂ ಸುಟ್ಟು ಅಲ್ಲೇ ಬೀಳುತ್ತದೆ, ಬೂದಿದಿಬ್ಬಗಳ (ಆ ಕಾಲದ ಸುಟ್ಟ ಸಗಣಿಯ ಗುಡ್ಡೆಗಳ) ಸೀಮೆಯಲ್ಲಿ ಇದನ್ನು ಮರೆಯುವಂತಿಲ್ಲ. ಹುಲ್ಲುಬೀಜ ಜಾಸ್ತಿ ಇದ್ದು, ಅದೇ ಮಣ್ಣಿನಲ್ಲಿ ಸಗಣಿಯ ಸುಣ್ಣದ ಹರಳು ಸೂಕ್ಷ್ಮದರ್ಶಕದಲ್ಲಿ ಕಂಡರೆ ಅನುಮಾನಪಡಿ. 700 ಡಿಗ್ರಿ ದಾಟಿ ಉರಿದಿದ್ದರೆ ಆ ಹರಳು ನಾಶವಾಗಿಹೋಗಿರುತ್ತದೆ, ಕಾಣಲಿಲ್ಲವೆಂದರೆ ಸಗಣಿ ಇರಲಿಲ್ಲವೆಂದಲ್ಲ. ಮತ್ತೆ, 9 ಹಲ್ಲು ಅಂದರೆ 9 ದನ ಅಲ್ಲ; ಎಡ-ಬಲ, ಸವೆತ ಹೊಂದಿಸಿದರೆ ಮೂರಕ್ಕೂ ಇಳಿಯಬಹುದು.

ಇಂದೇ ತೇಲಿಸಲು ಕೂರುವುದಾದರೆ, ಪ್ರತಿ ಚೀಲದಿಂದ 200 ಗ್ರಾಂ ಮಣ್ಣು ಒಣಗಿಸಿ ಬೇರೆ ಎತ್ತಿಡಿ. ಒಮ್ಮೆ ಬಕೆಟ್ಟಿಗೆ ಬಿದ್ದ ಮಣ್ಣು ಆ ಹರಳಿನ ಪರೀಕ್ಷೆಗೆ ಬರುವುದಿಲ್ಲ.