ಜುಪಿಟರ್ ಬುಕ್ ಅಪ್‌ಡೇಟ್ ಮಾಡಿದ ಮೇಲೆ ಔಟ್‌ಪುಟ್ಟೇ ಬರ್ತಿಲ್ಲ, ಸೋಮವಾರ ಪ್ರಾಕ್ಟಿಕಲ್ ಇದೆ!!

ಜೇವರ್ಗಿ_ಟೀಚರ್ · ಶುಕ್ರವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ. ಕಲಬುರಗಿಯ ಒಂದು ಕಾಲೇಜಿನಲ್ಲಿ ಪೈಥಾನ್ ಹೇಳಿಕೊಡುತ್ತೇನೆ. ಎರಡು ವರ್ಷ ಕೂತು ಜುಪಿಟರ್ ಬುಕ್‌ನಲ್ಲಿ (ಬರಹ, ಕೋಡ್, ಅದರ ಉತ್ತರ ಸೇರಿಸಿ ವೆಬ್ ಪುಟ ಮಾಡುವ ತಂತ್ರಾಂಶ) 14 ಪಾಠ ಕನ್ನಡದಲ್ಲೇ ಬರೆದಿದ್ದೇನೆ. ಇವತ್ತು ಅಪ್‌ಡೇಟ್ ಮಾಡಿದೆ, ಅಷ್ಟೇ. ಬಿಲ್ಡ್ (ಪುಟ ತಯಾರಿ) ಆಗುತ್ತದೆ, ಎರರ್ ಒಂದೂ ಇಲ್ಲ. ಆದರೆ ಪಾಠದಲ್ಲಿ ಬರೀ ಕೋಡ್ ಕಾಣುತ್ತದೆ, ಕೆಳಗೆ ಉತ್ತರ ಇಲ್ಲ, ಗ್ರಾಫ್ ಇಲ್ಲ. ಲ್ಯಾಬ್‌ನಲ್ಲಂತೂ ಇನ್ನೂ ಕೆಟ್ಟದಾಗಿ ಬರುತ್ತಿದೆ. ನಿನ್ನೆವರೆಗೆ ಎಲ್ಲ ಸರಿ ಇತ್ತು. ಏನು ಮಾಡಲಿ?

ಶಹಾಬಾದ್_ಕಲ್ಲು · ರಾತ್ರಿ 9:52

ಬ್ರೋ, ಫೈಲ್ ಹೆಸರು ಕನ್ನಡದಲ್ಲಿ ಇಟ್ಟಿದ್ದೀರಾ? ಹಾಗಿದ್ದರೆ ಅದೇ ಕಾರಣ. ವಿಂಡೋಸ್‌ನಲ್ಲಿ ಯುನಿಕೋಡ್ ಹೆಸರಿನ ಗೋಳು ನನಗೆ ಚೆನ್ನಾಗಿ ಗೊತ್ತು. ಎಲ್ಲ ಇಂಗ್ಲಿಷ್ ಹೆಸರು ಮಾಡಿ ಮತ್ತೆ ಬಿಲ್ಡ್ ಮಾಡಿ.

ಜೇವರ್ಗಿ_ಟೀಚರ್ · ರಾತ್ರಿ 10:15

ಹೌದು, ಕನ್ನಡ ಹೆಸರೇ. ಆದರೆ ನಿನ್ನೆವರೆಗೂ ಅದೇ ಹೆಸರಲ್ವಾ? ಆದರೂ ಮೂರನೇ ಪಾಠದ ಹೆಸರು ಬದಲಾಯಿಸಿ ನೋಡಿದೆ. ಅದೇ ಕಥೆ. ಮತ್ತೆ, ನಾನು ಬ್ರೋ ಅಲ್ಲ.

ಶಹಾಬಾದ್_ಕಲ್ಲು · ರಾತ್ರಿ 10:21

ಸಾರಿ ಮೇಡಂ. ಒಂದು ಫೈಲ್ ಬದಲಾಯಿಸಿದರೆ ಸಾಲದು, ಫೋಲ್ಡರ್ ಹೆಸರೂ ಬದಲಾಗಬೇಕು. ಡೆಸ್ಕ್‌ಟಾಪ್‌ನಲ್ಲಿ ಇಟ್ಟಿದ್ದರೆ ಸಿ ಡ್ರೈವ್‌ನ ಬುಡಕ್ಕೆ ತನ್ನಿ. ಹೆಸರಲ್ಲಿ ಸ್ಪೇಸ್ ಇರಬಾರದು.

ಬಿದರಿ_ಬೈಟ್ · ರಾತ್ರಿ 10:30

ವಿಂಡೋಸ್ ಬಿಡಿ, ಎಲ್ಲ ಸರಿ ಹೋಗುತ್ತದೆ. ನನ್ನದು ಹಳೇ ಥಿಂಕ್‌ಪ್ಯಾಡ್, ಸೆಕೆಂಡ್ ಹ್ಯಾಂಡ್. 16 ಜಿಬಿ ರ‍್ಯಾಮ್ ಹಾಕಿಸಿ ಲಿನಕ್ಸ್ ಮಿಂಟ್ ಹಾಕಿದ್ದೇನೆ. ಮನೆ ಮೂಲೆಯಲ್ಲಿ ಒಂದು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಇದೆ, ಇನ್ವರ್ಟರ್ ಮೇಲೆ. ಬೀದರ್‌ನಲ್ಲಿ ಕರೆಂಟ್ ಹೋದರೂ ನನ್ನ ಸೈಟ್ ಹೋಗಲ್ಲ.

ಶಹಾಬಾದ್_ಕಲ್ಲು · ರಾತ್ರಿ 10:34

ಅಣ್ಣಾ, ಲ್ಯಾಬ್ ಮಷಿನ್‌ಗೆಲ್ಲ ಮಿಂಟ್ ಹಾಕೋಕೆ ಪ್ರಿನ್ಸಿಪಾಲರು ಬಿಡ್ತಾರಾ? ಅವರ ಕಷ್ಟ ಏನು, ನಿಮ್ಮ ಪೈ ಪುರಾಣ ಏನು.

ಬಿದರಿ_ಬೈಟ್ · ರಾತ್ರಿ 10:37

ಪುರಾಣ ಅಲ್ಲ ಸ್ವಾಮಿ, ಅನುಭವ. ಜುಪಿಟರ್ ಬುಕ್ ಬದಲು ಕ್ವಾರ್ಟೋ ಆದರೂ ಬಳಸಲಿ, ಅದೂ ಇದೇ ಥರದ್ದು.

ಜೇವರ್ಗಿ_ಟೀಚರ್ · ರಾತ್ರಿ 11:05

ಫೋಲ್ಡರ್ ಹೆಸರು ಬದಲಾಯಿಸಿದೆ. ಸಿ ಡ್ರೈವ್‌ಗೆ ತಂದೆ. ಏನೂ ಬದಲಾಗಿಲ್ಲ. 14 ಪಾಠ ಕ್ವಾರ್ಟೋಗೆ ತಿದ್ದುತ್ತಾ ಕೂರೋಕೆ ನನಗೆ ಸೋಮವಾರದೊಳಗೆ ಆಗಲ್ಲ. ನಾಳೆ ನೋಡುತ್ತೇನೆ.

ಶಹಾಬಾದ್_ಕಲ್ಲು · ರಾತ್ರಿ 11:09

ಮೇಡಂ, ವಿಂಡೋಸ್ ಯೂಸರ್ ಹೆಸರು ಏನಾದರೂ ಕನ್ನಡದಲ್ಲಿ ಇದೆಯಾ? ಒಮ್ಮೆ ನೋಡಿ.

ಭೀಮಾ_ದಂಡೆ · ಶನಿವಾರ ಬೆಳಿಗ್ಗೆ 6:50

ಮೇಡಂ, ಹೆಸರಿನ ವಿಷಯ ಬಿಡಿ. ಮೂರು ಪ್ರಶ್ನೆ ಕೇಳುತ್ತೇನೆ. ಯಾವ ಆವೃತ್ತಿಯಿಂದ ಯಾವ ಆವೃತ್ತಿಗೆ ಹೋದಿರಿ? ಪಾಠ ನೋಟ್‌ಬುಕ್ ಫೈಲೋ, ಮಾರ್ಕ್‌ಡೌನ್ (ಸಾದಾ ಪಠ್ಯ) ಫೈಲೋ? ಬಿಲ್ಡ್ ಮಾಡುವಾಗ ಅದು ಏನಾದರೂ ಕೇಳಿತಾ, ನೀವು ವೈ ಒತ್ತಿದಿರಾ?

ಜೇವರ್ಗಿ_ಟೀಚರ್ · ಬೆಳಿಗ್ಗೆ 8:20

ಪಿಪ್‌ನಲ್ಲಿ (ಪೈಥಾನ್ ಪ್ಯಾಕೇಜ್ ಹಾಕುವ ಕಮಾಂಡ್) ಅಪ್‌ಗ್ರೇಡ್ ಕೊಟ್ಟೆ. ಮೊದಲು 1 ಇತ್ತು, ಈಗ 2 ತೋರಿಸುತ್ತದೆ. ಪಾಠ ಎಲ್ಲ ಮಾರ್ಕ್‌ಡೌನ್, ಒಳಗೆ ಕೋಡ್ ಸೆಲ್. ಹೌದು, ಕೇಳಿತು. ಮೊದಲು ನೋಡ್ ಜೆಎಸ್ (ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಇಲ್ಲ, ಹಾಕಲೇ ಅಂತ ಕೇಳಿತು. ವೈ. ಆಮೇಲೆ ಕಾನ್ಫಿಗ್ ಫೈಲ್ ಹೊಸ ರೂಪಕ್ಕೆ ಬದಲಾಯಿಸಲೇ ಅಂತ ಕೇಳಿತು. ಅದಕ್ಕೂ ವೈ. ಇದೆಲ್ಲ ಹೇಳಬೇಕಿತ್ತಾ?

ಭೀಮಾ_ದಂಡೆ · ಬೆಳಿಗ್ಗೆ 8:41

ಹೇಳಬೇಕಿತ್ತು 🙂 1ರಿಂದ 2 ಅಂದರೆ ಸಣ್ಣ ಅಪ್‌ಡೇಟ್ ಅಲ್ಲ, ಮನೆ ಅದೇ ಆದರೂ ಪಾಯ ಬೇರೆ. 1 ಸ್ಫಿಂಕ್ಸ್ ಅನ್ನೋ ಪೈಥಾನ್ ತಂತ್ರಾಂಶದ ಮೇಲೆ ನಿಂತಿತ್ತು. 2 ಮಿಸ್ಟ್ ಅನ್ನೋ ಜಾವಾಸ್ಕ್ರಿಪ್ಟ್ ಎಂಜಿನ್ ಮೇಲೆ ನಿಂತಿದೆ, ಅದಕ್ಕೇ ನೋಡ್ ಕೇಳಿದ್ದು.

ಈಗ ನಿಮ್ಮ ಉತ್ತರ ಎಲ್ಲಿ ಹೋಯಿತು ಅನ್ನುವುದು. ಹಳೇದು ಬಿಲ್ಡ್ ಮಾಡುವಾಗ ಔಟ್‌ಪುಟ್ ಇಲ್ಲದ ಪಾಠ ಕಂಡರೆ ತಾನೇ ಓಡಿಸಿ ಉತ್ತರ ತುಂಬುತ್ತಿತ್ತು. ಸೆಟ್ಟಿಂಗ್ ಮುಟ್ಟದಿದ್ದರೆ ಅದು 'ಆಟೋ'. ಹೊಸದು ಹಾಗಲ್ಲ. ನೀವು ಹೇಳದೆ ಒಂದು ಸಾಲನ್ನೂ ಓಡಿಸಲ್ಲ. ನೋಟ್‌ಬುಕ್ ಆಗಿದ್ದರೆ ಫೈಲ್ ಒಳಗೇ ಹಳೇ ಔಟ್‌ಪುಟ್ ಉಳಿದಿರುತ್ತದೆ, ಅದನ್ನಾದರೂ ತೋರಿಸುತ್ತಿತ್ತು. ಮಾರ್ಕ್‌ಡೌನ್ ಫೈಲ್‌ನಲ್ಲಿ ಔಟ್‌ಪುಟ್ ಇಡೋಕೆ ಜಾಗವೇ ಇಲ್ಲ.

ಬಿಲ್ಡ್ ಕಮಾಂಡ್‌ನ ಕೊನೆಗೆ ಒಂದು ಸ್ಪೇಸ್ ಬಿಟ್ಟು, ಎರಡು ಅಡ್ಡಗೆರೆ, ಅದಕ್ಕೆ ಅಂಟಿಸಿ ಎಕ್ಸಿಕ್ಯೂಟ್ ಅಂತ ಸೇರಿಸಿ.

ಜೇವರ್ಗಿ_ಟೀಚರ್ · ಬೆಳಿಗ್ಗೆ 9:30

ಬಂತು!! ಎಲ್ಲ ಪಾಠದಲ್ಲೂ ಉತ್ತರ ಬಂತು! ಏಳನೇ ಪಾಠದ ತೊಗರಿ ಗ್ರಾಫೂ ಬಂತು. ಭೀಮಾ ಸರ್, ನಿಮಗೆ ಒಂದು ಕೆಜಿ ತೊಗರಿ ಬೇಳೆ ಬಾಕಿ.

ಶಹಾಬಾದ್_ಕಲ್ಲು · ಬೆಳಿಗ್ಗೆ 9:44

ಒಳ್ಳೇದಾಯ್ತು. ಆದರೂ ಫೈಲ್ ಹೆಸರು ಇಂಗ್ಲಿಷ್‌ನಲ್ಲಿ ಇಡೋದೇ ವಾಸಿ.

ಬಿದರಿ_ಬೈಟ್ · ಬೆಳಿಗ್ಗೆ 9:50

ತೊಗರಿ ಗ್ರಾಫ್‌ನಲ್ಲಿ ತಾಲೂಕಿನ ಹೆಸರು ಕನ್ನಡದಲ್ಲಿ ಬರುತ್ತದಾ ಮೇಡಂ? ನನ್ನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಬರೀ ಚೌಕ ಚೌಕ.

ಜೇವರ್ಗಿ_ಟೀಚರ್ · ಬೆಳಿಗ್ಗೆ 10:02

ಅದರ ಜೊತೆಗೆ ಬರುವ ಫಾಂಟ್‌ನಲ್ಲಿ ಕನ್ನಡ ಇಲ್ಲ, ಅದಕ್ಕೇ ಚೌಕ. ನೋಟೋ ಕನ್ನಡ ಫಾಂಟ್ ಹಾಕಿದೆ, ಚೌಕ ಹೋಯಿತು. ಆದರೆ ಚಿತ್ತಾಪುರದ ತಾವತ್ತು ಪಕ್ಕಕ್ಕೆ ಬಂದು ಕೂತಿತು. ಆಳಂದ ಒಂದೇ ನೆಟ್ಟಗೆ ಬಂದಿದ್ದು. ಸುಮ್ನೆ ಇಂಗ್ಲಿಷ್‌ನಲ್ಲೇ ಬಿಟ್ಟಿದ್ದೇನೆ.

ಅದು ಬಿಡಿ, ಲ್ಯಾಬ್ ಸಮಸ್ಯೆ ಹಾಗೇ ಇದೆ. ಈಗ ಲ್ಯಾಬ್‌ನಲ್ಲೇ ಇದ್ದೇನೆ. ಪುಟ ತೆರೆದರೆ ಬಣ್ಣ ಇಲ್ಲ, ಪಕ್ಕದ ಮೆನು ಕೆಳಗೆ ಉದ್ದಕ್ಕೆ ಸುರಿದಿದೆ, ಹುಡುಕುವ ಭೂತಗನ್ನಡಿಯ ಚಿತ್ರ ಊಟದ ತಟ್ಟೆಯಷ್ಟು ದೊಡ್ಡದಾಗಿ ಕೂತಿದೆ. ಮನೆಯಲ್ಲಿ ಅದೇ ಪುಟ ಚೆಂದ ಕಾಣುತ್ತದೆ.

ಶಹಾಬಾದ್_ಕಲ್ಲು · ಬೆಳಿಗ್ಗೆ 10:10

ಲ್ಯಾಬ್ ಬ್ರೌಸರ್ ಹಳೇದಿರಬೇಕು. ಕ್ಯಾಶ್ ತೆಗೆಯಿರಿ.

ಜೇವರ್ಗಿ_ಟೀಚರ್ · ಬೆಳಿಗ್ಗೆ 10:25

ಕ್ಯಾಶ್ ತೆಗೆದೆ. ಅಪ್‌ಡೇಟ್ ಮಾಡೋಕೆ ಲ್ಯಾಬ್‌ನಲ್ಲಿ ನೆಟ್ ಇಲ್ಲ.

ಭೀಮಾ_ದಂಡೆ · ಬೆಳಿಗ್ಗೆ 10:31

ಲ್ಯಾಬ್‌ನಲ್ಲಿ ನೆಟ್ ಇಲ್ಲ!! ಇದನ್ನು ಈಗ ಹೇಳುತ್ತೀರಾ? ಮತ್ತೆ ಪುಟ ಹೇಗೆ ತೆರೆಯುತ್ತೀರಿ?

ಜೇವರ್ಗಿ_ಟೀಚರ್ · ಬೆಳಿಗ್ಗೆ 10:33

ಪೆನ್‌ಡ್ರೈವ್‌ನಲ್ಲಿ ಬಿಲ್ಡ್ ಫೋಲ್ಡರ್ ತಂದು 24 ಮಷಿನ್‌ಗೂ ಕಾಪಿ ಮಾಡುತ್ತೇನೆ. ಇಂಡೆಕ್ಸ್ ಮೇಲೆ ಡಬಲ್ ಕ್ಲಿಕ್. ಎರಡು ವರ್ಷದಿಂದ ಹೀಗೇ.

ಭೀಮಾ_ದಂಡೆ · ಬೆಳಿಗ್ಗೆ 10:52

ಅದೇ ನೋಡಿ. ಹಳೇ ಸ್ಫಿಂಕ್ಸ್ ಪುಟದಲ್ಲಿ ಎಲ್ಲ ದಾರಿಯೂ ಪಕ್ಕದ ಫೋಲ್ಡರ್ ಲೆಕ್ಕದಲ್ಲಿ ಇರುತ್ತಿತ್ತು, ಡಬಲ್ ಕ್ಲಿಕ್ ನಡೆಯುತ್ತಿತ್ತು. ಹೊಸದರಲ್ಲಿ ಬಣ್ಣದ ಫೈಲು, ಸ್ಕ್ರಿಪ್ಟು ಎಲ್ಲ ಸೈಟಿನ ಬುಡದಿಂದ ಹುಡುಕುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಬುಡ ಅಂದರೆ ನಿಮ್ಮ ಡ್ರೈವ್‌ನ ಬುಡ. ಅಲ್ಲಿ ಏನಿದೆ? ಏನಿಲ್ಲ. ಮನೆಯಲ್ಲಿ ನೀವು ಸ್ಟಾರ್ಟ್ ಕಮಾಂಡ್ ಕೊಟ್ಟು ನೋಡಿರುತ್ತೀರಿ, ಅಲ್ಲಿ ಸರ್ವರ್ ಇತ್ತು. ಗಿಟ್‌ಹಬ್ ಪೇಜಸ್‌ನಲ್ಲಿ ಹಾಕುವವರಿಗೂ ಇದೇ ಕಾಟ, ಬೇಸ್ ಯುಆರ್‌ಎಲ್ (ಸೈಟಿನ ಬುಡ ಎಲ್ಲಿ ಅಂತ ಹೇಳುವ ಸೆಟ್ಟಿಂಗ್) ಅಂತ ಒಂದು ಕೊಡಬೇಕು.

ನಿಮಗೆ ಸುಲಭದ ದಾರಿ ಇದು. 24 ಮಷಿನ್‌ಗೆ ಕಾಪಿ ಮಾಡಬೇಡಿ. ಎಲ್ಲ ಮಷಿನ್ ಒಂದೇ ಲ್ಯಾನ್‌ನಲ್ಲಿ ಇವೆ ಅಲ್ವಾ? ನಿಮ್ಮ ಲ್ಯಾಪ್‌ಟಾಪ್‌ಗೂ ಒಂದು ವೈರ್ ಹಾಕಿ. ಬಿಲ್ಡ್ ಒಳಗಿನ ಎಚ್‌ಟಿಎಮ್‌ಎಲ್ ಫೋಲ್ಡರ್‌ಗೆ ಹೋಗಿ ಪೈಥಾನ್‌ನ ಎಚ್‌ಟಿಟಿಪಿ ಸರ್ವರ್ ಮಾಡ್ಯೂಲ್ ಓಡಿಸಿ, ಪೋರ್ಟ್ 8000. ಫೈರ್‌ವಾಲ್ ಕೇಳಿದರೆ ಪ್ರೈವೇಟ್ ನೆಟ್‌ವರ್ಕ್‌ಗೆ ಒಪ್ಪಿಗೆ ಕೊಡಿ. ಹುಡುಗರು ಬ್ರೌಸರ್‌ನಲ್ಲಿ ನಿಮ್ಮ ಐಪಿ, ಕೋಲನ್, 8000 ಹಾಕಿದರೆ ಸಾಕು.

ಬಿದರಿ_ಬೈಟ್ · ಬೆಳಿಗ್ಗೆ 11:15

ಇದಕ್ಕೇ ಪೈ ಬೇಕು ಅಂತ ನಾನು ಹೇಳಿದ್ದು. ನಲವತ್ತು ದಾಟಿದ ಬಿಸಿಲಲ್ಲಿ ಲ್ಯಾಪ್‌ಟಾಪ್ ಫ್ಯಾನ್ ಹಿಟ್ಟಿನ ಗಿರಣಿ ಥರ ಕೂಗುತ್ತದೆ. ಪೈಗೆ ಫ್ಯಾನೇ ಇಲ್ಲ.

ಜೇವರ್ಗಿ_ಟೀಚರ್ · ಮಧ್ಯಾಹ್ನ 1:10

ಆಯಿತು! ಮೂರು ಮಷಿನ್‌ನಲ್ಲಿ ನೋಡಿದೆ, ಚೆಂದ ಬಂತು. ಇನ್ನು ಒಂದೇ ಒಂದು. ನಾನು ಅಪ್‌ಡೇಟ್ ಮಾಡಿದ್ದೇ ಪುಟದಲ್ಲೇ ಕೋಡ್ ಓಡಿಸುವ ರನ್ ಬಟನ್‌ಗಾಗಿ. ಮೊದಲು ಬೈಂಡರ್‌ಗೆ (ನೆಟ್‌ನಲ್ಲಿ ಕೋಡ್ ಓಡಿಸಿಕೊಡುವ ಸೇವೆ) ಕಾಯುತ್ತಾ ಕೂರಬೇಕಿತ್ತು. ಹೊಸದರಲ್ಲಿ ಬ್ರೌಸರ್ ಒಳಗೇ ಪೈಥಾನ್ ಓಡುತ್ತದೆ ಅಂದರು. ಸೆಟ್ಟಿಂಗ್‌ನಲ್ಲಿ ಜುಪಿಟರ್ ಲೈಟ್ ಆನ್ ಮಾಡಿದ್ದೇನೆ. ಲ್ಯಾಬ್‌ನಲ್ಲಿ ಒತ್ತಿದರೆ ಸುತ್ತುತ್ತಲೇ ಇದೆ.

ಭೀಮಾ_ದಂಡೆ · ಮಧ್ಯಾಹ್ನ 1:32

ಬ್ರೌಸರ್ ಒಳಗೆ ಓಡುವುದು ನಿಜ. ಆದರೆ ಆ ಪೈಥಾನ್, ಅಂದರೆ ಪಯೋಡೈಡ್, ಮೊದಲು ನೆಟ್‌ನಿಂದ ಇಳಿದು ಬರಬೇಕು. ನೆಟ್ ಇಲ್ಲದ ಕಡೆ ಎಲ್ಲಿಂದ ಬರಬೇಕು? ಹಳೇದರಲ್ಲೂ ಲ್ಯಾಬ್‌ನಲ್ಲಿ ಬಟನ್ ಓಡಿರಲಿಕ್ಕಿಲ್ಲ. ಬೈಂಡರ್‌ಗೂ ನೆಟ್ ಬೇಕು.

ಜೇವರ್ಗಿ_ಟೀಚರ್ · ಮಧ್ಯಾಹ್ನ 1:40

ಹೌದಲ್ಲ. ಈಗ ಯೋಚಿಸಿದರೆ ಲ್ಯಾಬ್‌ನಲ್ಲಿ ಯಾರೂ ಅದನ್ನು ಒತ್ತಿಯೇ ಇಲ್ಲ. ನಾನು ಮನೆಯಲ್ಲಿ ಒತ್ತಿ ಖುಷಿಪಟ್ಟಿದ್ದು ಅಷ್ಟೇ.

ಬಿದರಿ_ಬೈಟ್ · ಮಧ್ಯಾಹ್ನ 2:05

ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಜುಪಿಟರ್ ಸರ್ವರ್ ಓಡಿಸಿ, ಅದರ ಯುಆರ್‌ಎಲ್ ಮತ್ತು ಟೋಕನ್ (ಪಾಸ್‌ವರ್ಡ್ ಥರದ್ದು) ಸೆಟ್ಟಿಂಗ್‌ನಲ್ಲಿ ಕೊಡಿ. ಬಟನ್ ಅಲ್ಲಿಗೇ ಹೋಗುತ್ತದೆ, ನೆಟ್ ಬೇಡ.

ಭೀಮಾ_ದಂಡೆ · ಮಧ್ಯಾಹ್ನ 2:18

ದಯವಿಟ್ಟು ಬೇಡ. ಮನೆಯಲ್ಲಿ ಒಬ್ಬರೇ ಇದ್ದರೆ ಸರಿ. 24 ಹುಡುಗರ ಕೋಡ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ, ನಿಮ್ಮ ಫೈಲ್‌ಗಳ ಪಕ್ಕದಲ್ಲೇ ಓಡುತ್ತದೆ. ಒಬ್ಬ ವೈಲ್ ಟ್ರೂ (ಕೊನೆಯಿಲ್ಲದ ಲೂಪ್) ಬರೆದು ನಿಲ್ಲಿಸೋದು ಮರೆತ ಅಂದರೆ ಗಿರಣಿ ಶುರು. ಇನ್ನೊಬ್ಬ ಫೈಲ್ ಅಳಿಸುವ ಸಾಲು ಬರೆದರೆ? ಟೋಕನ್ ಬೇರೆ ಪುಟದಲ್ಲೇ ಕಾಣುತ್ತದೆ.

ಬಿದರಿ_ಬೈಟ್ · ಮಧ್ಯಾಹ್ನ 2:22

ಅದಕ್ಕೇ ಪೈ ಮೇಲೆ ಓಡಿಸಬೇಕು. ಹಾಳಾದರೆ ಕಾರ್ಡ್ ಬದಲಾಯಿಸಿದರಾಯಿತು.

ಶಹಾಬಾದ್_ಕಲ್ಲು · ಮಧ್ಯಾಹ್ನ 2:25

24 ಕರ್ನಲ್ (ಕೋಡ್ ಓಡಿಸುವ ಪ್ರೋಗ್ರಾಂ), ಒಂದು ಪೈ. ಅಣ್ಣಾ, ಅದಕ್ಕೂ ಜೀವ ಇದೆ.

ಜೇವರ್ಗಿ_ಟೀಚರ್ · ಭಾನುವಾರ ಸಂಜೆ 6:15

ಯೋಚಿಸಿ ಒಂದು ತೀರ್ಮಾನ ಮಾಡಿದೆ. ಸೋಮವಾರಕ್ಕೆ ಹಳೇದೇ. ಬೇರೆ ಎನ್ವಿರಾನ್‌ಮೆಂಟ್ ಮಾಡಿ ಪಿಪ್‌ಗೆ 'ಜುಪಿಟರ್-ಬುಕ್<2' ಅಂತ ಕೊಟ್ಟೆ. ಅಂದರೆ 2ಕ್ಕಿಂತ ಹಳೇದು ಹಾಕು ಅಂತ. ಡಬಲ್ ಕೋಟ್ ಹಾಕದಿದ್ದರೆ ವಿಂಡೋಸ್ ಆ ಬಾಣದ ಗುರುತನ್ನು ಬೇರೆ ಏನೋ ಅಂದುಕೊಂಡು ಫೈಲ್ ಸಿಗಲಿಲ್ಲ ಅನ್ನುತ್ತದೆ, ಅರ್ಧ ಗಂಟೆ ಅದಕ್ಕೇ ಹೋಯಿತು. ಹಳೇ ಕಾನ್ಫಿಗ್ ಫೈಲ್ ಅಳಿಸಿಹೋಗಿದೆ ಅಂತ ಅಳು ಬಂದಿತ್ತು. ಹುಡುಕಿದರೆ ಅಲ್ಲೇ ಇದೆ, ಹೆಸರಿನ ಬಾಲಕ್ಕೆ ಬ್ಯಾಕ್ ಅಂತ ಅಂಟಿಸಿಕೊಂಡು. ಹೆಸರು ಸರಿ ಮಾಡಿದೆ, ಪಾಠ ಎಲ್ಲ ಮೊದಲಿನ ಹಾಗೇ ಬಂತು. ಪೆನ್‌ಡ್ರೈವ್ ರೆಡಿ.

ಹೊಸದನ್ನು ರಜೆಯಲ್ಲಿ ನೋಡುತ್ತೇನೆ. ಪಯೋಡೈಡ್ ಪೂರ್ತಿ ಇಳಿಸಿ ಅದೇ ಲ್ಯಾನ್ ಸರ್ವರ್‌ನಲ್ಲಿ ಇಟ್ಟು ಬಟನ್ ಓಡಿಸಿದವರು ಯಾರಾದರೂ ಇದ್ದೀರಾ?

ಶಹಾಬಾದ್_ಕಲ್ಲು · ಸೋಮವಾರ ಬೆಳಿಗ್ಗೆ 9:05

ಆಲ್ ದಿ ಬೆಸ್ಟ್ ಮೇಡಂ. ಫೈಲ್ ಹೆಸರು ಕನ್ನಡದಲ್ಲೇ ಇದೆಯಾ?

ಸೇಡಂ_ಹುಡುಗ · ಗುರುವಾರ ರಾತ್ರಿ 11:48

ಬೈಟ್ ಅಣ್ಣಾ, ಆ ಥಿಂಕ್‌ಪ್ಯಾಡ್‌ಗೆ ಬ್ಯಾಟರಿ ಎಲ್ಲಿ ತಗೊಂಡ್ರಿ? ಇಲ್ಲಿ ಸೂಪರ್ ಮಾರ್ಕೆಟ್ ಕಡೆ ಕೇಳಿದರೆ ಡೂಪ್ಲಿಕೇಟೇ ಜಾಸ್ತಿ ಅಂತಾರೆ.